ಬಾಂಬು ಮರೆತಿದೆ, ಹಾಲಿನ ಡಬ್ಬಿ ನೆನಪಿದೆ

ಕಳೆದ ಭಾನುವಾರ ಮಧ್ಯಾಹ್ನ ನಾನು ಶೇವಿಂಗ್ ಬ್ಲೇಡಿಗೆ ಬೆಂಕಿ ತೋರಿಸುತ್ತಾ ಕೂತಿದ್ದೆ. ಇಕ್ಕಳದಲ್ಲಿ ಬ್ಲೇಡು ಹಿಡಿದು ಜ್ವಾಲೆಯ ತುದಿಗೆ ಒಡ್ಡಿದರೆ ಮೊದಲು ಒಣಹುಲ್ಲಿನ ಬಣ್ಣ ಬರುತ್ತದೆ. ಆಮೇಲೆ ಕಂದು, ನೇರಳೆ, ಕೊನೆಗೆ ನವಿಲು ಕುತ್ತಿಗೆಯ ನೀಲಿ. ನೀಲಿ ಬಂದ ತಕ್ಷಣ ಹಿಂದಕ್ಕೆ ಎಳೆದುಕೊಳ್ಳಬೇಕು. ಸ್ವಲ್ಪ ತಡವಾದರೂ ಬೂದು ಬಣ್ಣಕ್ಕೆ ತಿರುಗುತ್ತದೆ. ಮೂರು ಬ್ಲೇಡು ಹಾಗೇ ಹಾಳಾದವು. ನಾಲ್ಕನೆಯದು ಸರಿಯಾಯಿತು ಅನ್ನುವಷ್ಟರಲ್ಲಿ ಗೆಳೆಯ ಬಂದ. ಎಂಟು ತಿಂಗಳ ಹಿಂದೆ ಒಯ್ದಿದ್ದ ನನ್ನ ಕ್ಲ್ಯಾಂಪು ವಾಪಸ್ ಕೊಡೋಕೆ. ಬ್ಲೇಡು ನೋಡಿದವನೇ "ಆಂಜಿಯೊನಾ?" ಅಂದ.

ಇಂಥ ಗೆಳೆಯರು ಸಿಗುವುದು ಕಷ್ಟ. ಕ್ಲ್ಯಾಂಪು ಎಂಟು ತಿಂಗಳು ಇಟ್ಟುಕೊಂಡರೂ ಪರವಾಗಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 1944ರಲ್ಲಿ ಇಟಲಿಯ ಆಂಜಿಯೊ ತೀರದಲ್ಲಿ ಇಳಿದ ಮಿತ್ರಪಡೆಯ ಸೈನಿಕರು ಮುಂದೆ ಹೋಗಲಾಗದೆ ತಿಂಗಳುಗಟ್ಟಲೆ ಅಲ್ಲೇ ಹೊಂಡ ತೋಡಿಕೊಂಡು ಕೂತರು. ಕೂತಲ್ಲೇ, ಕೈಗೆ ಸಿಕ್ಕಿದ್ದರಲ್ಲಿ ರೇಡಿಯೊ ಮಾಡಿಕೊಂಡರು. ಒಂದು ಬ್ಲೇಡು, ಒಂದು ಸೇಫ್ಟಿ ಪಿನ್ನು, ಪಿನ್ನಿನ ತುದಿಗೆ ಕಟ್ಟಿದ ಪೆನ್ಸಿಲ್ ಕಡ್ಡಿಯ ಚೂರು, ಕೊಳವೆಗೆ ಸುತ್ತಿದ ತಂತಿ, ಒಂದು ಇಯರ್‌ಫೋನು. ಬ್ಯಾಟರಿ ಇಲ್ಲವೇ ಇಲ್ಲ. ಗಾಳಿಯಲ್ಲಿ ಬರುವ ಅಲೆಯ ಶಕ್ತಿಯೇ ಇಯರ್‌ಫೋನನ್ನು ಮಾತಾಡಿಸುತ್ತದೆ. ಬ್ಲೇಡಿನ ಆ ನೀಲಿ ಪದರಕ್ಕೆ ಪೆನ್ಸಿಲ್ ಮೊನೆ ತಾಗಿದ ಕಡೆ ಕರೆಂಟು ಒಂದು ದಿಕ್ಕಿಗೆ ಸಲೀಸಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಅಡ್ಡಗಾಲು ಹಾಕುತ್ತದೆ. ಅಷ್ಟಾದರೆ ಸಾಕು, ಅಲೆಯೊಳಗಿದ್ದ ಮಾತು ಹೊರಗೆ ಬರುತ್ತದೆ. ಈಗ ಡಯೋಡು ಮಾಡುವ ಕೆಲಸವನ್ನು ಆಗ ಬ್ಲೇಡಿನ ಮೇಲಿನ ಕಿಲುಬು ಮಾಡುತ್ತಿತ್ತು ಅಂತ ಇಟ್ಟುಕೊಳ್ಳಿ.

ಬ್ಲೇಡಿನಿಂದ ಮಾತು ಸಿನಿಮಾಕ್ಕೆ ಜಾರಿತು. ನಮ್ಮಿಬ್ಬರಿಗೆ ಇದು ಮಾಮೂಲು. ಎರಡನೇ ಮಹಾಯುದ್ಧದ ಹಳೇ ಇಂಗ್ಲಿಷ್ ಸಿನಿಮಾಗಳನ್ನು ವೀಡಿಯೊ ಕ್ಯಾಸೆಟ್ಟಿನ ಟೇಪು ಸವೆಯುವಷ್ಟು ನೋಡಿ ಬೆಳೆದವರು ನಾವು. ಅವತ್ತು ಸುಮ್ನೆ ಒಂದು ಆಟ ಆಡಿದೆವು. ಸಿನಿಮಾದ ಹೆಸರು ಒಬ್ಬ ಹೇಳಬೇಕು, ಇನ್ನೊಬ್ಬ ಮೊದಲು ನೆನಪಾದ ದೃಶ್ಯ ಹೇಳಬೇಕು. ಹತ್ತು ಸಿನಿಮಾ ಆಗುವಷ್ಟರಲ್ಲಿ ಇಬ್ಬರಿಗೂ ನಗು ಬಂತು. ಯಾರು ಯಾರಿಗೆ ಗುಂಡು ಹೊಡೆದರು ಅನ್ನುವುದು ಒಂದೂ ನೆನಪಿಲ್ಲ. ನೆನಪಿರುವುದೆಲ್ಲ ಯಾರೋ ಏನೋ ಕೊರೆಯುವುದು, ಕೊಯ್ಯುವುದು, ಬೆಸೆಯುವುದು. ಯುದ್ಧದ ಸಿನಿಮಾ ಅಂದುಕೊಂಡು ನಾವು ಇಷ್ಟು ವರ್ಷ ವರ್ಕ್‌ಶಾಪಿನ ಸಿನಿಮಾ ನೋಡಿಕೊಂಡು ಬಂದಿದ್ದೆವು!

1963ರ 'ದಿ ಗ್ರೇಟ್ ಎಸ್ಕೇಪ್' ತಗೊಳ್ಳಿ. ಜಗತ್ತಿಗೆಲ್ಲ ನೆನಪಿರುವುದು ಸ್ಟೀವ್ ಮೆಕ್‌ಕ್ವೀನ್ ಮೋಟರ್‌ಸೈಕಲ್ಲಿನ ಹಾರಾಟ. ಅದು ಕಟ್ಟುಕತೆ. ಬೈಕು ಕೂಡ ಜರ್ಮನ್ ವೇಷ ಹಾಕಿದ ಬ್ರಿಟಿಷ್ ಟ್ರಯಂಫ್. ಆ ದೊಡ್ಡ ಹಾರಾಟ ಹಾರಿದ್ದು ಬಡ್ ಎಕಿನ್ಸ್ ಅನ್ನುವ ಸ್ಟಂಟ್ ಸವಾರ. ನನಗೆ ಅದರ ಗೊಡವೆ ಬೇಡ. ನನಗೆ ಬೇಕಾದದ್ದು ಸುರಂಗಕ್ಕೆ ಗಾಳಿ ಹಾಕುವ ತಿದಿ. ಅದು ಮಾತ್ರ ನಿಜ. ಸ್ಟಾಲಾಗ್ ಲುಫ್ಟ್ 3 ಅನ್ನುವ ಜರ್ಮನ್ ಸೆರೆಶಿಬಿರದಲ್ಲಿ, ತಪ್ಪಿಸಿಕೊಳ್ಳಲು ಸುರಂಗ ತೋಡುತ್ತಿದ್ದ ಮಿತ್ರಪಡೆಯ ವೈಮಾನಿಕರು ಬಟ್ಟೆ ತುಂಬುವ ಕಿಟ್ ಬ್ಯಾಗುಗಳಿಂದ ತಿದಿ ಮಾಡಿದರು. ರೆಡ್ ಕ್ರಾಸ್ ಪೊಟ್ಟಣದಲ್ಲಿ ಬರುತ್ತಿದ್ದ ಹಾಲಿನ ಪುಡಿಯ ಡಬ್ಬಿಗಳ ತಳ ಕತ್ತರಿಸಿ, ಒಂದಕ್ಕೊಂದು ಸೇರಿಸಿ ಗಾಳಿಯ ಕೊಳವೆ ಮಾಡಿದರು. ಸುರಂಗ ಸುಮಾರು 9 ಮೀಟರ್ ಆಳ, 100 ಮೀಟರಿಗೂ ಜಾಸ್ತಿ ಉದ್ದ. ಮರಳು ಕುಸಿಯದಂತೆ ಒಳಗೆ ಆತುಕೊಟ್ಟದ್ದು ತಾವೇ ಮಲಗುವ ಮಂಚದ ಹಲಗೆ. ಸುರಂಗ ಬೆಳೆದ ಹಾಗೆಲ್ಲ ಮಂಚದ ಹಲಗೆ ಕಡಿಮೆಯಾಗುತ್ತಾ ಬಂತು. ಸಿನಿಮಾಕ್ಕೆ ಸಲಹೆಗಾರನಾಗಿ ಬಂದ ವಾಲಿ ಫ್ಲೂಡಿ ಅದೇ ಶಿಬಿರದಲ್ಲಿ ಸುರಂಗ ತೋಡಿದ್ದವನು. ಆ ದೃಶ್ಯಗಳಲ್ಲಿ ಕೈಗಳು ಸುಳ್ಳು ಹೇಳದೆ ಇರುವುದಕ್ಕೆ ಅದೇ ಕಾರಣ ಅಂತ ನನ್ನ ನಂಬಿಕೆ.

ಸುರಂಗಕ್ಕಿಂತಲೂ ನನ್ನನ್ನು ಹಿಡಿದಿಟ್ಟದ್ದು ದಿಕ್ಸೂಚಿಯ ಕತೆ. ಹೊರಬಿದ್ದ ಮೇಲೆ ದಿಕ್ಕು ತಿಳಿಯಬೇಕಲ್ಲ? ಅಲ್ ಹೇಕ್ ಅನ್ನುವ ಆಸ್ಟ್ರೇಲಿಯದ ವೈಮಾನಿಕ ಶಿಬಿರದೊಳಗೇ ದಿಕ್ಸೂಚಿ ಕಾರ್ಖಾನೆ ಇಟ್ಟಿದ್ದ. ಗ್ರಾಮಫೋನ್ ತಟ್ಟೆ ಕಾಯಿಸಿ ಮೆತ್ತಗೆ ಮಾಡಿ, ಅಚ್ಚಿಗೆ ಒತ್ತಿದರೆ ಡಬ್ಬಿ. ಹೊಲಿಗೆ ಸೂಜಿಗೆ ಅಯಸ್ಕಾಂತ ಉಜ್ಜಿದರೆ ಮುಳ್ಳು. ಒಡೆದ ಕಿಟಕಿಯ ಗಾಜಿನಿಂದ ಮುಚ್ಚಳ. ಬೆಸುಗೆಗೆ ಸೀಸ ಎಲ್ಲಿಂದ? ಮಾಂಸದ ಡಬ್ಬಿಗಳ ಜೋಡಣೆಯ ಗೆರೆಯಿಂದ ಕರಗಿಸಿ ತೆಗೆದದ್ದು. ಇಷ್ಟೆಲ್ಲ ಕದ್ದುಮುಚ್ಚಿ ಮಾಡಿ, ಕೊನೆಗೆ ತಳದಲ್ಲಿ 'ಮೇಡ್ ಇನ್ ಸ್ಟಾಲಾಗ್ ಲುಫ್ಟ್ 3' ಅಂತ ಮುದ್ರೆ ಬೇರೆ ಒತ್ತುತ್ತಿದ್ದರು. ಈ ಮುದ್ರೆಯ ವಿಷಯ ಓದಿದ ದಿನ ನಾನು ಕುರ್ಚಿಯಿಂದ ಎದ್ದು ಓಡಾಡಿದೆ. ಜೀವ ಕೈಯಲ್ಲಿ ಹಿಡಿದುಕೊಂಡು ಕೂತವನಿಗೂ ತನ್ನ ಮಾಲಿಗೆ ಹೆಸರು ಹಾಕುವ ಆಸೆ, ತಮಾಷೆ ಎರಡೂ ಇತ್ತು.

ನಾನೂ ಒಂದು ಮಾಡಲು ಹೋದೆ. ಬೆಳಕು, ಬೆಂಚು, ವೈಸು, ಹೊತ್ತು ಎಲ್ಲ ಇತ್ತು. ಗಾಜನ್ನು ದುಂಡಗೆ ಕತ್ತರಿಸಲು ಹೋಗಿ ನಾಲ್ಕು ಸಲ ಒಡೆದೆ. ಮುಳ್ಳು ಸಮತೋಲ ತಪ್ಪಿ ಒಂದು ಕಡೆ ಮೂಗು ಊರಿ ನಿಂತಿತು, ಉತ್ತರ ತೋರಿಸುವ ಬದಲು ನೆಲ ತೋರಿಸಿತು. ಅದು ಈಗಲೂ ಡ್ರಾಯರಿನಲ್ಲಿದೆ.

1944ರ ಮಾರ್ಚ್ 24ರ ರಾತ್ರಿ ಆ ಸುರಂಗದಿಂದ 76 ಜನ ಹೊರಬಿದ್ದರು. ಮೂವರು ಮಾತ್ರ ಪಾರಾದರು. ಸಿಕ್ಕಿಬಿದ್ದ 73 ಜನರಲ್ಲಿ 50 ಮಂದಿಯನ್ನು ಕೊಂದರು. ಅಲ್ ಹೇಕ್ ಆ ಐವತ್ತರಲ್ಲಿ ಒಬ್ಬ. ಇದನ್ನು ಹೇಳದೆ ಬರೀ ದಿಕ್ಸೂಚಿಯ ಕತೆ ಹೇಳಿ ಚಪ್ಪಾಳೆ ಗಿಟ್ಟಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹುಡುಗನಾಗಿದ್ದಾಗ ನಾನೂ ಹಾಗೇ ಹೇಳುತ್ತಿದ್ದೆ ಬಿಡಿ.

ಗೆಳೆಯನ ಪಟ್ಟಿಯಲ್ಲಿ ಮೊದಲ ಸ್ಥಾನ 1955ರ 'ದಿ ಡ್ಯಾಮ್ ಬಸ್ಟರ್ಸ್'ಗೆ. ಅವನಿಗೆ ವಿಮಾನಗಳಿಗಿಂತ ಗೋಲಿ ಮುಖ್ಯ. ಬಾರ್ನ್ಸ್ ವಾಲಿಸ್ ಅನ್ನುವ ಇಂಜಿನಿಯರು 1942ರಲ್ಲಿ ತನ್ನ ಮನೆಯ ತೋಟದಲ್ಲಿ, ನೀರು ತುಂಬಿದ ತೊಟ್ಟಿಯ ಮೇಲೆ ಮಕ್ಕಳ ಗೋಲಿಗಳನ್ನು ಕ್ಯಾಟರ್‌ಬಿಲ್ಲಿನಿಂದ ಹೊಡೆದು, ಎಷ್ಟು ಸಲ ಪುಟಿಯುತ್ತವೆ ಅಂತ ಎಣಿಸಿದ. ಕೆರೆಯಲ್ಲಿ ಕಪ್ಪೆಚಿಪ್ಪು ಹಾರಿಸುವ ಆಟ ಇದೆಯಲ್ಲ, ಅದೇ. ಅಲ್ಲಿಂದ ಹೊರಟ ಯೋಚನೆ, ಹಿಮ್ಮುಖವಾಗಿ ನಿಮಿಷಕ್ಕೆ 500 ಸುತ್ತು ತಿರುಗುತ್ತಾ ನೀರಿನ ಮೇಲೆ ಪುಟಿದು ಹೋಗಿ ಜರ್ಮನಿಯ ಅಣೆಕಟ್ಟು ಒಡೆಯುವ ಬಾಂಬಾಯಿತು. ಅದನ್ನು ಬೀಳಿಸಬೇಕಾದ ಎತ್ತರ ಬರೀ 60 ಅಡಿ. ಕತ್ತಲಲ್ಲಿ ಆ ಎತ್ತರ ಅಳೆಯುವುದು ಹೇಗೆ? ವಿಮಾನದ ಹೊಟ್ಟೆಗೆ ಎರಡು ದೀಪ ಕಟ್ಟಿ, ಎರಡರ ಬೆಳಕೂ ನೀರಿನ ಮೇಲೆ ಒಂದಕ್ಕೊಂದು ಕೂಡಿದರೆ ಎತ್ತರ ಸರಿ. ಸಿನಿಮಾದಲ್ಲಿ ಇದು ನಾಟಕದ ರಂಗದ ದೀಪ ನೋಡಿ ಹೊಳೆಯುತ್ತದೆ. ನಿಜದಲ್ಲಿ ಸಲಹೆ ಕೊಟ್ಟದ್ದು ಬೆಂಜಮಿನ್ ಲಾಕ್‌ಸ್ಪೈಸರ್ ಅನ್ನುವ ಸರ್ಕಾರಿ ವಿಜ್ಞಾನಿ. ಗುರಿ ಹಿಡಿಯಲು ಕವಲುಕೋಲಿನಂಥ ಮರದ ತುಂಡು, ಅದಕ್ಕೆ ಎರಡು ಮೊಳೆ. ಮೊಳೆಗಳು ಅಣೆಕಟ್ಟಿನ ಎರಡು ಗೋಪುರಕ್ಕೆ ನೇರ ಬಂದಾಗ ಬಾಂಬು ಬಿಡಬೇಕು. ಕೆಲವರಿಗೆ ಅದೂ ಸರಿಬರದೆ, ದಾರ ಕಟ್ಟಿ ಗಾಜಿನ ಮೇಲೆ ಗುರುತು ಹಾಕಿಕೊಂಡರು.

ಮರದ ತುಂಡು, ಎರಡು ಮೊಳೆ! ಗೆಳೆಯ ಇದನ್ನು ಹೇಳುವಾಗ ಪ್ರತಿ ಸಲ ಬೆಂಚು ಗುದ್ದುತ್ತಾನೆ. ಅವತ್ತೂ ಗುದ್ದಿದ. ನನ್ನ ಬ್ಲೇಡು ಕೆಳಗೆ ಬಿತ್ತು.

ಆ ದಾಳಿಯ ಲೆಕ್ಕವೂ ಕಹಿ. 1943ರ ಮೇ 16ರ ರಾತ್ರಿ ಹೋದ 19 ವಿಮಾನಗಳಲ್ಲಿ 8 ವಾಪಸ್ ಬರಲಿಲ್ಲ, 53 ವೈಮಾನಿಕರು ಸತ್ತರು. ಅಣೆಕಟ್ಟಿನ ಕೆಳಗೆ ಸಾವಿರಕ್ಕೂ ಹೆಚ್ಚು ಜನ ನೀರಿನ ಪಾಲಾದರು. ಅವರಲ್ಲಿ ಎಷ್ಟೋ ಜನ, ಜರ್ಮನ್ನರು ಪೂರ್ವದ ದೇಶಗಳಿಂದ ಬಲವಂತವಾಗಿ ಎಳೆದುಕೊಂಡು ಬಂದಿದ್ದ ಕೂಲಿಗಳು. ಗೋಲಿ ಆಟದ ಖುಷಿಯ ಜೊತೆಗೆ ಇದೂ ತಲೆಯಲ್ಲಿ ಇರಲಿ ಅಂದೆ. ಅವನು ಹೂಂ ಅಂದ.

ಇನ್ನೊಂದು ಸಿನಿಮಾದ ಬಗ್ಗೆ ಬೇಗ ಹೇಳಿಬಿಡುತ್ತೇನೆ. 1958ರ 'ಐಸ್ ಕೋಲ್ಡ್ ಇನ್ ಅಲೆಕ್ಸ್'. ಮರುಭೂಮಿಯಲ್ಲಿ ಆಂಬುಲೆನ್ಸ್ ಗಾಡಿ ಮರಳಿನ ದಿಬ್ಬ ಹತ್ತಲು ಒಪ್ಪುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ರಿವರ್ಸ್ ಗೇರಿಗೆ ಹಾಕಿ, ಮುಂದಿನ ಹ್ಯಾಂಡಲ್ ಕೈಯಲ್ಲಿ ತಿರುಗಿಸಿ ತಿರುಗಿಸಿ ಇಡೀ ಗಾಡಿಯನ್ನು ಹಿಮ್ಮುಖವಾಗಿ ಮೇಲೆ ಹತ್ತಿಸುತ್ತಾರೆ. ಪ್ಲಗ್ ಯಾಕೆ ಬಿಚ್ಚಬೇಕು? ಇಂಜಿನ್ನಿನೊಳಗೆ ಗಾಳಿಯ ಒತ್ತಡ ಕಟ್ಟದೆ ಹ್ಯಾಂಡಲ್ ಹಗುರಾಗಲಿ ಅಂತ. ಇದನ್ನು ಯಾರೂ ಭಾಷಣ ಮಾಡಿ ವಿವರಿಸುವುದಿಲ್ಲ. ನೋಡುವವನಿಗೆ ಅರ್ಥವಾದರೆ ಆಯಿತು, ಆಗದಿದ್ದರೂ ಬೆವರು ಅರ್ಥವಾಗುತ್ತದೆ. ಈಗಿನ ಸಿನಿಮಾ ಆಗಿದ್ದರೆ ಅರ್ಧ ನಿಮಿಷದ ಸಂಗೀತ, ಹತ್ತು ತುಣುಕು ಶಾಟು, ಗಾಡಿ ಮೇಲೆ. ಈಗಿನವರು ಮಾಡಿದ ಯುದ್ಧದ ಸಿನಿಮಾಗಳಲ್ಲಿ ಸದ್ದು ಜಾಸ್ತಿ, ಕೈ ಕಡಿಮೆ. ಇದು ವಯಸ್ಸಾದವನ ಗೊಣಗಾಟ ಅಂದರೆ ಅನ್ನಿ.

ಮಧ್ಯೆ ಒಂದು ಜಗಳವೂ ಆಯಿತು. 1969ರ 'ಬ್ಯಾಟಲ್ ಆಫ್ ಬ್ರಿಟನ್' ಸಿನಿಮಾದಲ್ಲಿ ಜರ್ಮನ್ ವಿಮಾನಗಳ ಮೂಗು ಸರಿಯಿಲ್ಲ ಅಂತ ಅವನ ಹಳೇ ದೂರು. ಸರಿ ಇರೋಕೆ ಹೇಗೆ ಸಾಧ್ಯ? ಅವು ಸ್ಪೇನಿನಲ್ಲಿ ತಯಾರಾದ ಮೆಸ್ಸರ್‌ಷ್ಮಿಟ್‌ಗಳು. ಅವುಗಳಲ್ಲಿ ಇದ್ದದ್ದು ಸ್ಪಿಟ್‌ಫೈರಿಗೆ ಹೆಸರು ತಂದ ಅದೇ ರೋಲ್ಸ್‌ರಾಯ್ಸ್ ಮರ್ಲಿನ್ ಇಂಜಿನ್. ಆಕಾಶದಲ್ಲಿ ಎರಡೂ ಕಡೆಯವರು ಒಂದೇ ಕಂಪನಿಯ ಇಂಜಿನ್ ಹಾಕಿಕೊಂಡು ಬಡಿದಾಡಿದರು. ಅವನಿಗೆ ಇದು ಮೋಸ. ನನಗೆ ಇದು ಜುಗಾಡಿನ ಚಂದ.

ಆದರೆ ನಮ್ಮಂಥ ಹವ್ಯಾಸಿಗಳಿಗೆ ಕನ್ನಡಿ ಹಿಡಿಯುವ ಸಿನಿಮಾ ಬೇರೆಯೇ ಇದೆ. 1957ರ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್'. ಶ್ರೀಲಂಕಾದ ಕಾಡಿನಲ್ಲಿ ನಿಜವಾಗಿ ಮರದ ಸೇತುವೆ ಕಟ್ಟಿ ತೆಗೆದ ಸಿನಿಮಾ. ಸೆರೆಸಿಕ್ಕ ಬ್ರಿಟಿಷ್ ಕರ್ನಲ್ ಒಬ್ಬ, ಶತ್ರುಗಳಾದ ಜಪಾನೀಯರಿಗಾಗಿ ರೈಲು ಸೇತುವೆ ಕಟ್ಟುತ್ತಾನೆ. ಕಟ್ಟುತ್ತಾ ಕಟ್ಟುತ್ತಾ ಅದರ ಮೇಲೆ ಅವನಿಗೆ ಮೋಹ ಬಂದುಬಿಡುತ್ತದೆ. ಯಾರಿಗಾಗಿ, ಯಾಕಾಗಿ ಅನ್ನುವುದೇ ಮರೆತುಹೋಗುತ್ತದೆ. ಕೆಲಸ ಚೆನ್ನಾಗಿ ಆಗಬೇಕು, ಅಷ್ಟೇ. ಹುಡುಗನಾಗಿದ್ದಾಗ ಆ ಕರ್ನಲ್ ನನಗೆ ಹುಚ್ಚನಂತೆ ಕಂಡಿದ್ದ. ಈಗ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಯಾರೂ ಕೇಳದ ಪೆಟ್ಟಿಗೆಯ ಮೂಲೆಗೆ ಡವ್‌ಟೇಲ್ ಕೀಲು ಕೂರಿಸುತ್ತಾ ಮನೆಯವರು ಮೂರು ಸಲ ಕರೆದದ್ದು ಕಿವಿಗೆ ಬೀಳದೆ ಕೂತವನು ನಾನೇ ಅಲ್ವಾ? ನಿಜವಾದ ಕತೆಯಲ್ಲಿ ಹಾಗಿರಲಿಲ್ಲ. ಅಲ್ಲಿದ್ದ ಹಿರಿಯ ಅಧಿಕಾರಿ ಫಿಲಿಪ್ ಟೂಸಿ ಕೆಲಸ ಎಳೆದಾಡಿಸಿ, ತನ್ನವರ ಜೀವ ಉಳಿಸಲು ಒದ್ದಾಡಿದವನು. ಆ ಸೇತುವೆ ಇದ್ದ ಥಾಯ್ಲೆಂಡ್-ಬರ್ಮಾ ರೈಲು ಹಾದಿಯಲ್ಲಿ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಏಷ್ಯಾದ ಕೂಲಿಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸತ್ತರು. ಅವರು ಆ ಸಿನಿಮಾದಲ್ಲಿ ಕಾಣುವುದೇ ಇಲ್ಲ ಅನ್ನುವುದು ನನ್ನ ದೊಡ್ಡ ತಕರಾರು.

ಇಷ್ಟೆಲ್ಲ ಮಾತಾಡುವಷ್ಟರಲ್ಲಿ ಕತ್ತಲಾಯಿತು. ರಟ್ಟಿನ ಕೊಳವೆಗೆ 120 ಸುತ್ತು ತಂತಿ ಸುತ್ತಿಯಾಗಿತ್ತು. ಬ್ಲೇಡನ್ನು ಹಲಗೆಗೆ ಬಿಗಿದಾಗಿತ್ತು. ಏರಿಯಲ್ ತಂತಿ ಕಿಟಕಿಯಿಂದ ಹೊರಗೆ, ಅರ್ಥ್ ತಂತಿ ನಲ್ಲಿಯ ಪೈಪಿಗೆ. ಕಿವಿಗೆ ಹಾಕಿಕೊಂಡೆ. ನಿಶ್ಶಬ್ದ. ಪಿನ್ನು ಸರಿಸಿದೆ. ನಿಶ್ಶಬ್ದ. ಬ್ಲೇಡಿನ ನೀಲಿ ಸರಿಯಿಲ್ಲ ಅಂದೆ. ಸುತ್ತು ಕಡಿಮೆಯಾಯಿತು ಅಂದೆ. ಮಧ್ಯಮ ತರಂಗದ ಸ್ಟೇಷನ್ನುಗಳನ್ನೇ ಒಂದೊಂದಾಗಿ ಮುಚ್ಚುತ್ತಿದ್ದಾರೆ, ಇನ್ನೇನು ಕೇಳಿಸುತ್ತೆ ಅಂತ ಲೋಕದ ಮೇಲೂ ತಪ್ಪು ಹೊರಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ಗಂಟೆಯ ಮೇಲೆ ಗೆಳೆಯ ನನ್ನ ಕಿವಿ ನೋಡಿ, "ಮಾರಾಯ, ಅದು ಮೊಬೈಲಿನ ಇಯರ್‌ಫೋನು" ಅಂದ.

ಅದು ನಡೆಯುವುದಿಲ್ಲ. ಈ ರೇಡಿಯೊದಿಂದ ಬರುವ ಕರೆಂಟು ತೀರಾ ಕಡಿಮೆ. ಸಾವಿರಾರು ಓಮ್ ತಡೆ ಇರುವ ಹಳೇ ಥರದ ಇಯರ್‌ಫೋನೇ ಬೇಕು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವನು ನಾನು. ಅವನು ಮನೆಗೆ ಹೋಗಿ ಒಂದು ತಂದ. ನೋಡಿದರೆ ಅದೂ ನನ್ನದೇ, ಯಾವ ಕಾಲದಲ್ಲೋ ಒಯ್ದದ್ದು.

ಪಿನ್ನನ್ನು ಕೂದಲೆಳೆಯಷ್ಟು ಸರಿಸಿದೆ. ಕರಕರ. ಇನ್ನೊಂದು ಎಳೆ. ಮತ್ತೆ ಕರಕರ. ಆಮೇಲೆ, ಬಾವಿಯ ತಳದಿಂದ ಬಂದ ಹಾಗೆ, ಒಬ್ಬಳು ಹೆಂಗಸಿನ ದನಿ. ಸುದ್ದಿ ಓದುತ್ತಿದ್ದಳು. ಯಾವ ಭಾಷೆ ಅಂತಲೂ ತಿಳಿಯಲಿಲ್ಲ. ನಾನು ಉಸಿರು ಬಿಗಿಹಿಡಿದು ಕೈ ಎತ್ತಿದೆ. ಅವನು "ಎಲ್ಲಿ, ಎಲ್ಲಿ" ಅಂತ ಬಗ್ಗಿದ. ಮೊಣಕೈ ಬೆಂಚಿಗೆ ತಾಗಿತು. ಪಿನ್ನು ಜಾರಿತು. ಹೆಂಗಸು ಹೋದಳು.

ಅವನು ಏನೂ ಮಾತಾಡದೆ, ಮಧ್ಯಾಹ್ನ ವಾಪಸ್ ತಂದಿದ್ದ ಕ್ಲ್ಯಾಂಪು ತಗೊಂಡು ಹಲಗೆಯನ್ನು ಬೆಂಚಿಗೆ ಬಿಗಿದ. ಅಲುಗಾಡದ ಹಾಗೆ. ರಾತ್ರಿ ಹನ್ನೊಂದರವರೆಗೆ ಸರದಿಯ ಮೇಲೆ ಕೇಳಿದೆವು. ಹೊರಡುವಾಗ ಬಾಗಿಲಲ್ಲಿ ನಿಂತು ಕ್ಲ್ಯಾಂಪನ್ನೇ ನೋಡಿದ. "ಇನ್ನೆರಡು ದಿನ ಬೇಕಿತ್ತು ಅದು" ಅಂದ.

ಕೊಡಲಿಲ್ಲ.