ಅರ್ಜೆಂಟಾಗಿ ಮಂಜು ಬೇಕಾಗಿದೆ

ನನ್ನ ಕಾರಿನ ಹಿಂದಿನ ಗಾಜಿನಲ್ಲಿ ಈ ಮಳೆಗಾಲ ಏನೂ ಕಾಣುತ್ತಿಲ್ಲ. ಗಾಜಿನ ಮಂಜು ಆರಿಸುವ ಡಿಫಾಗರ್‌ನ ಬಟನ್ ಒತ್ತಿದರೆ ಅದರ ಪುಟ್ಟ ದೀಪ ಮಾತ್ರ ಚೆನ್ನಾಗಿ ಉರಿಯುತ್ತದೆ, ಗಾಜು ಬೆಳ್ಳಗೆ ಹಾಗೇ ಕೂತಿರುತ್ತದೆ. ಹಾಜರಿ ಹಾಕಿ ಕೆಲಸ ಮಾಡದವರನ್ನು ಎಲ್ಲೆಲ್ಲೋ ನೋಡಿದ್ದೇವೆ. ಕಾರಿನೊಳಗೂ ಒಬ್ಬರು ಇರಬೇಕಾ?

ಜುಲೈ ತಿಂಗಳ ಮಡಿಕೇರಿ ನಿಮಗೆ ಗೊತ್ತಲ್ಲ. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು, ಡಬ್ಬಿಯಲ್ಲೇ ಉಪ್ಪು ನೀರು. ಕಾರಿನೊಳಗೆ ಒದ್ದೆ ಕೊಡೆ, ಒದ್ದೆ ರೈನ್‌ಕೋಟು, ಒದ್ದೆ ಮ್ಯಾಟು, ಸಾಲದ್ದಕ್ಕೆ ಉಸಿರಾಡುವ ಜನ. ಆ ಹಸಿಯೆಲ್ಲ ತಣ್ಣನೆ ಗಾಜಿಗೆ ಹೋಗಿ ಅಂಟುತ್ತದೆ. ಮುಂದಿನ ಗಾಜಿನದು ಚಿಂತೆಯಿಲ್ಲ. ಏಸಿ ಹಾಕಿ, ಹೊರಗಿನ ಗಾಳಿ ಬರುವ ಹಾಗೆ ಇಟ್ಟರೆ ಬೇಗ ತಿಳಿಯಾಗುತ್ತದೆ. ಹಿಂದಿನದಕ್ಕೆ ಮಾತ್ರ ಗಾಜಿನ ಒಳಮೈಯಲ್ಲಿ ಅಡ್ಡಡ್ಡ ಇರುವ ಆ ಸಣ್ಣ ಗೆರೆಗಳೇ ಗತಿ. ಕರೆಂಟು ಹರಿದರೆ ಗೆರೆ ಬಿಸಿಯಾಗುತ್ತದೆ, ಹಬೆ ಆರುತ್ತದೆ. ಅದರ ವಿದ್ಯೆ ಇಷ್ಟೇ. ಅದನ್ನೂ ಮರೆತರೆ ಹೇಗೆ?

ನಮ್ಮ ಭಾವನಿಗೆ ಇಂಥ ಸುದ್ದಿ ಸಿಕ್ಕಿದರೆ ಸಾಕು.

"ಹಿಂದಿನ ವೈಪರ್ ಹಾಕು."

"ವೈಪರ್ ಇರೋದು ಹೊರಗೆ ಭಾವ, ಮಂಜು ಇರೋದು ಒಳಗೆ."

"ಹಾಗಾದ್ರೆ ಆಲೂಗೆಡ್ಡೆ ಕತ್ತರಿಸಿ ಉಜ್ಜು."

ಆಮೇಲೆ ಶಾಂಪೂ ಬಂತು, ಹೊಗೆಸೊಪ್ಪು ಬಂತು. ಕೊನೆಗೆ ಅವರ ಜೀಪೂ ಬಂತು. "ನನ್ನ ಜೀಪು ನೋಡು, ಹಿಂದೆ ಗಾಜೇ ಇಲ್ಲ. ಟಾರ್ಪಾಲು. ಮಂಜು ಹಿಡಿಯೋಕೆ ಅಲ್ಲಿ ಏನಿದೆ?" ಹಿಂದೆ ಏನೂ ಕಾಣದಿರುವುದನ್ನು ಇಷ್ಟು ಹೆಮ್ಮೆಯಿಂದ ಹೇಳುವ ಇನ್ನೊಬ್ಬರನ್ನು ನಾನು ನೋಡಿಲ್ಲ.

ಕಾರಿನ ವೈರಿಂಗ್ ಚೆನ್ನಾಗಿ ಬಲ್ಲ ಎಲೆಕ್ಟ್ರಿಷಿಯನ್ ಕುಶಾಲನಗರದಲ್ಲಿದ್ದಾನೆ ಅಂತ ಯಾರೋ ಹೇಳಿದರು. ಹೊರಟೆ. ಅಲ್ಲೇನೋ ಕೆಲಸವಿದೆ ಎಂದು ಭಾವನೂ ಹತ್ತಿದರು. ಕೆಲಸ ಏನೆಂದು ಕೊನೆಗೂ ತಿಳಿಯಲಿಲ್ಲ.

ಈ ದಾರಿಯ ಮೋಸ ಕೊಡಗಿನವರಿಗೆ ಗೊತ್ತು. ಮಡಿಕೇರಿಯಿಂದ ಕುಶಾಲನಗರ ಸುಮಾರು 30 ಕಿಲೋಮೀಟರ್. ಬೋಯಿಕೇರಿಯವರೆಗೆ ರಸ್ತೆಯೇ ಕಾಣದಷ್ಟು ಮಂಜು. ಸುಂಟಿಕೊಪ್ಪದಲ್ಲಿ ಬರೀ ಜಿಟಿಜಿಟಿ. ಆನೆಕಾಡು ದಾಟಿದರೆ ಇನ್ನೊಂದು ದೇಶ. ಕುಶಾಲನಗರದಲ್ಲಿ ಜನ ಬಿಸಿಲಿಗೆ ಹಣೆ ಒರೆಸಿಕೊಂಡು ಓಡಾಡುತ್ತಿದ್ದರು. ನನ್ನ ಹಿಂದಿನ ಗಾಜು ತೊಳೆದಿಟ್ಟ ಲೋಟದ ಹಾಗೆ ಫಳಫಳ.

"ಎಲ್ಲಿ ಮೇಡಂ, ಚೆನ್ನಾಗೇ ಇದೆಯಲ್ಲ?" ಅಂದ ಎಲೆಕ್ಟ್ರಿಷಿಯನ್.

ಮಡಿಕೇರಿಯಲ್ಲಿ ಬಂದು ನೋಡಿ ಅಂದೆ. "ಅಲ್ಲಿ ಮಳೆ ನಿಲ್ಲಲಿ, ಬರ್ತೀನಿ" ಅಂದ. ಮಳೆ ನಿಂತ ಮೇಲೆ ನನಗೆ ಡಿಫಾಗರ್ ಯಾಕೆ?

ಕೊನೆಗೆ ಅವನೇ ಉಪಾಯ ಹೇಳಿದ. ಗಾಜಿಗೆ ಮಂಜು ಹಿಡಿಸಿ ಬಟನ್ ಒತ್ತಬೇಕು. ಸರಿಯಿರುವ ಗೆರೆಯ ಸುತ್ತ ಮೊದಲು ತಿಳಿಯಾಗುತ್ತದೆ, ತುಂಡಾದ ಗೆರೆಯ ಮೇಲೆ ಹಾಗೇ ಉಳಿಯುತ್ತದೆ. ಒಂದೂ ತಿಳಿಯಾಗದಿದ್ದರೆ ತೊಂದರೆ ಗಾಜಿನದಲ್ಲ, ಕರೆಂಟಿನದು. ಎಲ್ಲ ಸರಿ, ಆ ಬಿಸಿಲಲ್ಲಿ ಮಂಜು ಎಲ್ಲಿಂದ ತರುವುದು?

"ಊದಿ" ಅಂದ.

ಹಿಂದಿನ ಸೀಟಿನ ಮೇಲೆ ನಾನು, ಭಾವ, ಎಲೆಕ್ಟ್ರಿಷಿಯನ್, ಅವನ ಕೆಲಸದ ಹುಡುಗ ಮಂಡಿಯೂರಿ ಕೂತೆವು. ಬಾಗಿಲು, ಕಿಟಕಿ ಎಲ್ಲ ಬಂದ್. ನಾಲ್ಕೂ ಜನ ಗಾಜಿಗೆ ಬಾಯಿ ಹತ್ತಿರ ತಂದು ಹಾ... ಹಾ... ಎಂದು ಉಸಿರು ಬಿಟ್ಟೆವು. ಹುಡುಗನದು ಬರೀ ನಗು, ಉಸಿರು ಬರಲೇ ಇಲ್ಲ. ಭಾವನಿಗೆ ಮಾತ್ರ ಇದು ಪ್ರಾಣಾಯಾಮ. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆಯಿಂದ ಎಳೆದು ಬಿಡುತ್ತಿದ್ದರು. ಜಗಿದ ಎಲೆಅಡಿಕೆಯ ಘಮ ಕಾರೆಲ್ಲ ತುಂಬಿತು. ಈ ಮೂಲೆಗೆ ಊದುವಷ್ಟರಲ್ಲಿ ಆ ಮೂಲೆ ಒಣಗುತ್ತಿತ್ತು. "ಮೇಡಂ, ಬಲಗಡೆ ವೀಕು" ಎಂದು ಎಲೆಕ್ಟ್ರಿಷಿಯನ್ ಕೂಗುತ್ತಿದ್ದ. ಭಾವ ಫ್ಲಾಸ್ಕಿನ ಮುಚ್ಚಳ ತೆಗೆದು, ನಾನು ದಾರಿಗೆಂದು ತಂದಿದ್ದ ಬೆಲ್ಲದ ಕಾಫಿಯ ಹಬೆಯನ್ನು ಗಾಜಿಗೆ ಹಿಡಿದರು. ಪಕ್ಕದ ಟಯರ್ ಅಂಗಡಿಯವರು ಓಡಿ ಬಂದು ಕಿಟಕಿ ಬಡಿದರು. "ಏನಾಯ್ತು? ಯಾರಿಗಾದ್ರೂ ಉಸಿರು ಕಟ್ಟಿತಾ?"

ಕೊನೆಗೆ ಗಾಜು ಮಬ್ಬಾಯಿತು. ಬಟನ್ ಒತ್ತಿದೆ. ದೀಪ ಉರಿಯಿತು. ಒಂದು ಗೆರೆಯೂ ಅಲ್ಲಾಡಲಿಲ್ಲ.

ಎಲೆಕ್ಟ್ರಿಷಿಯನ್ ಸಮಾಧಾನವಾಗಿ ಇಳಿದು, ಟೇಬಲ್ ಡ್ರಾಯರಿನಿಂದ ಮಲ್ಟಿಮೀಟರ್ ತಂದ. ಫ್ಯೂಸ್ ನೋಡಿದ, ಸರಿಯಿತ್ತು. ರಿಲೇ ಟಕ್ ಅಂತು. ಗಾಜಿನ ಅಂಚಿಗೆ ವೈರ್ ಸೇರುವ ಕಡೆ ಮೀಟರ್ ಹಿಡಿದ. 12 ವೋಲ್ಟ್ ಇರಬೇಕಾದಲ್ಲಿ ಸೊನ್ನೆ. ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ವೈರುಗಳನ್ನು ತೂರಿಸಿದ ರಬ್ಬರ್ ಕೊಳವೆ ಇರುತ್ತದಲ್ಲ, ಅದನ್ನು ಬಿಚ್ಚಿದ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಅದರೊಳಗೆ ವೈರು ಮಡಚಿ ತುಂಡಾಗಿತ್ತು. ಬಟನ್‌ವರೆಗೆ ಕರೆಂಟು ಬರುತ್ತಿತ್ತು, ಅದಕ್ಕೇ ಆ ದೀಪದ ಗತ್ತು.

"ಈ ಮೀಟರಿಗೆ ಮಂಜು ಬೇಕಾ?" ಕೇಳಿದೆ.

"ಬೇಡ ಮೇಡಂ."

"ಮತ್ತೆ ನಾವು ಊದಿದ್ದು?"

"ಕಣ್ಣಾರೆ ನೋಡಿದ್ರೆ ನಿಮಗೂ ಒಂದು ನಂಬಿಕೆ ಅಲ್ವಾ?"

ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಉಸಿರೂ ಇರಲಿಲ್ಲ.

ವಾಪಸ್ ಬರುವಾಗ ಆನೆಕಾಡಿನಲ್ಲಿ ಮಳೆ ಶುರುವಾಯಿತು. ಅಪ್ಪನ ಹಳೆ ಜೀಪು ನೆನಪಾಯಿತು. ಅದರಲ್ಲಿ ಡಿಫಾಗರ್ ನಾನೇ. ಪಕ್ಕದಲ್ಲಿ ಹಳೆ ಬನಿಯನ್ ಹಿಡಿದು ಕೂತಿರುತ್ತಿದ್ದೆ. ಅಪ್ಪ ಮಾತಾಡುತ್ತಿರಲಿಲ್ಲ, ಗಾಜಿನತ್ತ ಗಲ್ಲ ಎತ್ತಿದರೆ ನಾನು ಒರೆಸಬೇಕು. ಆ ಕೆಲಸ ನನಗೆ ಇಷ್ಟವಿತ್ತು. ಈಗ ಹಾಗೆ ಗಲ್ಲ ಎತ್ತುವವರಿಲ್ಲ. ಪಕ್ಕದ ಸೀಟಿನಲ್ಲಿರುವುದು ಭಾವ. ಆಲೂಗೆಡ್ಡೆಯೇ ಎಷ್ಟೋ ಅಗ್ಗವಾಗುತ್ತಿತ್ತು ಎನ್ನುತ್ತಿದ್ದರು.

ಬೋಯಿಕೇರಿ ಹತ್ತಿರ ಗಾಜು ಪೂರ್ತಿ ಮುಚ್ಚಿಕೊಂಡಿತು. ಬಟನ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಗೆರೆಗೆರೆಯಾಗಿ ರಸ್ತೆ ಬಿಡಿಸಿಕೊಂಡಿತು. ನಡುವೆ ಒಂದು ಪಟ್ಟಿ ಮಾತ್ರ ಬೆಳ್ಳಗೆ ಉಳಿಯಿತು. ಸರಿಯಾಗಿ ಹಿಂದಿನ ಬಸ್ಸಿನ ದೀಪ ಕಾಣಬೇಕಾದ ಎತ್ತರದಲ್ಲಿ!

ಗಾಡಿ ನಿಲ್ಲಿಸಿ ಹಿಂದೆ ಹೋಗಿ ನೋಡಿದೆ. ಆ ಒಂದು ಗೆರೆಗೆ ಅಡ್ಡವಾಗಿ ಗೀರು ಬಿದ್ದಿತ್ತು. ಕರಿಮೆಣಸು ಕೊಯ್ಲಿನ ಸಮಯದಲ್ಲಿ ಜೀಪು ಕೆಟ್ಟಿದೆ ಎಂದು ಭಾವ ನನ್ನ ಕಾರು ಒಯ್ದಿದ್ದರು. ಹಿಂದಿನ ಸೀಟು ಮಡಚಿ ಅಲ್ಯೂಮಿನಿಯಂ ಏಣಿ ತುರುಕಿದ್ದರು.

"ಭಾವ, ಇದು ನಿಮ್ಮ ಏಣಿದು."

ಅವರು ಕನ್ನಡಕ ಏರಿಸಿ ಗೀರನ್ನು ನೋಡಿದರು. "ಒಂದು ಗೆರೆ ತಾನೆ? ಅದರ ಮೇಲೂ ಕಾಣುತ್ತೆ, ಕೆಳಗೂ ಕಾಣುತ್ತೆ."

ತುಂಡಾದ ಗೆರೆಗೆ ಹಚ್ಚುವ, ಕರೆಂಟು ಹರಿಯುವ ಪೇಂಟ್ ಸಿಗುತ್ತದೆ. ತರಿಸಬೇಕು. ಹಾಗೆಂದಾಗ ಭಾವ ತಲೆಯಾಡಿಸಿದರು.

"ಈಗಲೇ ಹಚ್ಚಬೇಡ. ಮುಂದಿನ ಕೊಯ್ಲು ಮುಗಿಯಲಿ."