ಲೇಖನಿಯಿಂದ ಸ್ವಾತಂತ್ರ್ಯಕ್ಕೆ ಜನಬೆಂಬಲ ಬೆಳೆಯಿತೇ? ಪರ-ವಿರೋಧ

ಪರ

ಪುಣೆಯ ಕನ್ನಡಿಗರು ಗಣೇಶೋತ್ಸವಕ್ಕೆ ನಾರಾಯಣ ಪೇಠೆಯ ಕೇಸರಿ ವಾಡೆಗೆ, ಅಂದರೆ ತಿಲಕರ 'ಕೇಸರಿ' ಪತ್ರಿಕೆಯ ಮನೆಗೆ, ತಪ್ಪದೆ ಹೋಗುತ್ತಾರೆ. ಆ ಪತ್ರಿಕೆ ಬರೆದ ಬಗೆಯನ್ನೂ ಅವರು ತಿಳಿಯಬೇಕು.

1896ರ ಬರಗಾಲದಲ್ಲಿ ತಿಲಕರ 'ಕೇಸರಿ' ಸರ್ಕಾರವನ್ನು ಬೈದು ಸುಮ್ಮನಾಗಲಿಲ್ಲ. ಸರ್ಕಾರದ್ದೇ ಬರಗಾಲ ನಿಯಮಾವಳಿಯನ್ನು ಮರಾಠಿಯಲ್ಲಿ ಬಿಡಿಸಿಟ್ಟಿತು: ಬೆಳೆ ಕೈಕೊಟ್ಟರೆ ಕಂದಾಯದಲ್ಲಿ ಏನು ವಿನಾಯಿತಿ ಕೇಳಬಹುದು, ಪರಿಹಾರ ಯಾರಿಗೆ ಸಲ್ಲಬೇಕು. ಪುಣೆಯ 'ಸಾರ್ವಜನಿಕ ಸಭೆ' ಎಂಬ ಸಂಸ್ಥೆಯವರು ಅದನ್ನು ಹಳ್ಳಿಗಳಿಗೆ ಒಯ್ದರು. ಮನವೊಲಿಸುವ ಬರಹ ಹೀಗಿರಬೇಕು. ಒಂದು ಲೇಖನಕ್ಕೆ ಒಂದೇ ಅಳಲು, ಅದಕ್ಕೊಂದು ಕಾನೂನಿನ ಆಧಾರ, ಓದಿದವನು ಮರುದಿನವೇ ಮಾಡಬಹುದಾದ ಒಂದು ಕೆಲಸ. ಮುಂದಿನ ವಾರ ಅದೇ ಮಾತು, ಹೊಸ ಸಾಕ್ಷಿಯೊಡನೆ. ಅಳಲು ಐದಾದರೆ ಓದುಗ ಮರುಗುತ್ತಾನೆಯೇ ಹೊರತು ಮೇಲೇಳುವುದಿಲ್ಲ. ಕೆಲಸ ಹೇಳದಿದ್ದರೆ ಸಿಟ್ಟು ಅಲ್ಲೇ ಆರುತ್ತದೆ. ನಿಯಮ ತಿಳಿದು ಮಾಮಲೇದಾರನ (ತಾಲೂಕಿನ ಕಂದಾಯ ಅಧಿಕಾರಿಯ) ಮುಂದೆ ನಿಂತು ಬರಿಗೈಲಿ ಮರಳಿದ ರೈತನಿಗೆ ಪರಕೀಯ ಆಳ್ವಿಕೆಯ ಬಗ್ಗೆ ಬೇರೆ ಪಾಠ ಬೇಕಿರಲಿಲ್ಲ.

ಓದು ಬಾರದವರ ಮಾತೆತ್ತುವವರಿದ್ದಾರೆ. ಒಬ್ಬ ಗಟ್ಟಿಯಾಗಿ ಓದಿದರೆ ಇಡೀ ಚಾವಡಿ ಕೇಳುತ್ತಿತ್ತು! ಮರಾಠಿ ಪತ್ರಿಕೆ ಕನ್ನಡಿಗರನ್ನು ಮುಟ್ಟುವ ದಾರಿಯೂ ಇತ್ತು: ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು ಅತ್ತಣ ಎಷ್ಟೋ ಹುಡುಗರು ಪದವಿಗೆ ಪುಣೆಗೇ ಬರುತ್ತಿದ್ದರು. ಆಲೂರು ವೆಂಕಟರಾಯರು ಓದಿದ್ದು ಇಲ್ಲಿಯ ಫರ್ಗ್ಯುಸನ್‌ನಲ್ಲಿ. ಸರ್ಕಾರಕ್ಕಂತೂ ಬರಹದ ಬಲ ಚೆನ್ನಾಗಿ ಗೊತ್ತಿತ್ತು. ತಿಲಕರಿಗೆ 1897ರಲ್ಲಿ 18 ತಿಂಗಳು ಸೆರೆ, 1908ರಲ್ಲಿ 6 ವರ್ಷ ಬರ್ಮಾದ ಮಂಡಾಲೆ ಸೆರೆಮನೆ. ಎರಡೂ ಸಲ ರಾಜದ್ರೋಹದ 124ಎ ಕಲಮಿನ ಆರೋಪ ಅಚ್ಚಾದ ಲೇಖನಗಳ ಮೇಲೆಯೇ.

ವಿರೋಧ

ತಿಲಕರ ಲೇಖನಿಯನ್ನು ಅಲ್ಲಗಳೆಯುವುದು ಕಷ್ಟ. ಆದರೂ 1911ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ. ಸಂಪಾದಕೀಯ ಓದಿ ದೇಶವೆಲ್ಲ ಎದ್ದು ನಿಂತಿತೆಂಬುದು ಪತ್ರಕರ್ತರ ನಂಬಿಕೆ. 1908ರ ಜುಲೈನಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಆರು ದಿನ ಮುಷ್ಕರ ಹೂಡಿದ್ದು ತಿಲಕರಿಗಾದ ಶಿಕ್ಷೆಯ ಸುದ್ದಿ ಕೇಳಿ, ಲೇಖನ ಓದಿ ಅಲ್ಲ.

ಬರಹವನ್ನು ಕಟ್ಟಿಹಾಕುವುದೂ ಸುಲಭ. 1910ರ ಮುದ್ರಣ ಕಾಯ್ದೆಯಂತೆ ಹೊಸ ಅಚ್ಚುಕೂಟ 500ರಿಂದ 2,000 ರೂಪಾಯಿ ಠೇವಣಿ ಇಡಬೇಕಿತ್ತು. ಅದು ಮುಟ್ಟುಗೋಲಾದರೆ ಮುಂದಿನದು 10,000ದವರೆಗೆ. ಮತ್ತೆ ತಪ್ಪಿದರೆ ಯಂತ್ರವೇ ಜಪ್ತಿ. ಇಷ್ಟು ಹಣ ಅಡವಿಟ್ಟವರು ಮಾತನ್ನು ಮಸುಕು ಮಾಡುತ್ತಾರೆ. ಮಸುಕಾದ ಮಾತು ರೈತನಿಗೆ ಮುಟ್ಟುವುದಿಲ್ಲ.

ಗೋವೆಯನ್ನೇ ನೋಡಿ. ಅಲ್ಲಿಯ ಸ್ವಾತಂತ್ರ್ಯ ಹೋರಾಟಗಾರ ಟಿ.ಬಿ. ಕುನ್ಹಾ ವರ್ಷಗಟ್ಟಲೆ ಬರೆದರು, ಪೋರ್ಚುಗೀಸರ ಸೆನ್ಸಾರ್ ಒಳಗಿನ ಪತ್ರಿಕೆಗಳ ಬಾಯಿ ಕಟ್ಟಿತ್ತು. ಜನ ಬಹಿರಂಗವಾಗಿ ಸೇರಿದ್ದು 1946ರ ಜೂನ್ 18ರಂದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಮಡಗಾಂವದಲ್ಲಿ ನಿಷೇಧ ಮುರಿದು ನಿಂತಾಗ. ಅಷ್ಟಾದರೂ ಬಿಡುಗಡೆ ಬಂದದ್ದು 1961ರ ಡಿಸೆಂಬರ್ 19ಕ್ಕೆ, ಭಾರತದ ಸೈನ್ಯ ಒಳಹೊಕ್ಕ ಮೇಲೆ.