ವರ್ಷದ ಲೆಕ್ಕ ಸಾಲದು, ರಾತ್ರಿಯ ಲೆಕ್ಕವೂ ಬೇಕು

ಕಂಪನಿಗಳು ನೂರಕ್ಕೆ ನೂರು ಹಸಿರು ವಿದ್ಯುತ್ತಿಗೆ ಬದಲಾಗುತ್ತಿವೆ ಅಂತ ಓದಿ ನಿಜಕ್ಕೂ ಖುಷಿಯಾಯಿತು. ಆದರೆ ಈ ನೂರು ಹೇಗೆ ಬಂತು ಅಂತಲೂ ಕೇಳಬೇಕು ಅಲ್ವಾ? ಹೆಚ್ಚಿನವರದು ವರ್ಷದ ಲೆಕ್ಕ, ಅಂದರೆ ವರ್ಷವಿಡೀ ಬಳಸಿದಷ್ಟು ಕರೆಂಟನ್ನು ಆ ವರ್ಷದಲ್ಲಿ ಯಾವಾಗಲಾದರೂ ಹಸಿರು ಮೂಲದಿಂದ ಕೊಂಡಿದ್ದರೆ ಸಾಕು. ಮಧ್ಯಾಹ್ನ ಸೋಲಾರ್ ಕರೆಂಟ್ ಜಾಸ್ತಿ ಕೊಂಡಿರುತ್ತಾರೆ, ರಾತ್ರಿ ಎರಡು ಗಂಟೆಗೆ ಅದೇ ಫ್ಯಾಕ್ಟರಿಯ ಮೋಟಾರು ಕಲ್ಲಿದ್ದಲಿನ ಕರೆಂಟಿನಲ್ಲಿ ತಿರುಗುತ್ತಿರಬಹುದು, ಆದರೂ ವರ್ಷದ ಕೊನೆಗೆ ಕಾಗದದ ಮೇಲೆ ಎಲ್ಲ ಸರಿಹೋಗುತ್ತದೆ. ಗೂಗಲ್ 2017ರಲ್ಲೇ ಹೀಗೆ ವರ್ಷದ ಲೆಕ್ಕದಲ್ಲಿ ನೂರು ಮುಟ್ಟಿತ್ತು. ಅಷ್ಟಕ್ಕೇ ನಿಲ್ಲದೆ, 2030ರೊಳಗೆ ದಿನದ ಪ್ರತಿ ಗಂಟೆಯೂ ಇಂಗಾಲ ಉಗುಳದ ಕರೆಂಟನ್ನೇ ಬಳಸುವ ಗುರಿ ಇಟ್ಟುಕೊಂಡಿತು. ನನಗೆ ಹಿಡಿಸಿದ್ದು ಇದು. ಎಲ್ಲೋ ಹಸಿರು ಕರೆಂಟ್ ತಯಾರಾಗಿದೆ ಅನ್ನುವ ಸರ್ಟಿಫಿಕೇಟನ್ನು ಸುಮ್ನೆ ಕೊಳ್ಳುವವರಿಗಿಂತ ಹೊಸ ಗಾಳಿಯಂತ್ರಕ್ಕೆ, ಬ್ಯಾಟರಿಗೆ ದುಡ್ಡು ಹಾಕುವ ಕಂಪನಿಗಳನ್ನೇ ನಾನು ನಂಬುವುದು.